ಬೆಳಗ್ಗೆ ಸ್ಕೂಬಾ, ಮಧ್ಯಾಹ್ನ ವಿಮಾನ? ಅಂಡಮಾನ್ ಟೂರ್ ಪ್ಲಾನ್ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಕೆಜಿಎಫ್ ತಾಲ್ಲೂಕಿನ ಕ್ಯಾಸಂಬಳ್ಳಿಯಿಂದ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದಾರೆ. ‘ಆರು ದಿನ, ಎರಡು ದ್ವೀಪ, ಫುಲ್ ಅಡ್ವೆಂಚರ್’ ಎಂಬ ಶೀರ್ಷಿಕೆಯ ಅಂಡಮಾನ್ ಪ್ರವಾಸದ ಪಟ್ಟಿ ಅದು. ಸ್ನಾರ್ಕೆಲಿಂಗ್, ಕಾಡಿನಲ್ಲಿ ನಡಿಗೆ, ಕಯಾಕ್, ಸೈಕಲ್ ಎಲ್ಲವೂ ಇದೆ. ಕೊನೆಯ ದಿನದ ಸಾಲು ಹೀಗಿದೆ: ಬೆಳಗ್ಗೆ 8ಕ್ಕೆ ಸ್ಕೂಬಾ ಡೈವಿಂಗ್, ನಂತರ ಹಡಗು, ಮಧ್ಯಾಹ್ನ 2.30ಕ್ಕೆ ಬೆಂಗಳೂರಿಗೆ ವಿಮಾನ. ಕೆಳಗೆ ಒಂದು ಸಾಲು ಸೇರಿಸಿ ಅವರು ಕೇಳಿದ್ದಾರೆ: ‘ಅಪ್ಪನೂ ಬರ್ತಾರೆ. ಮೈನಿಂಗ್‌ನಲ್ಲಿ ಇದ್ದವರು, ಅಷ್ಟು ಆಳಕ್ಕೆ ಇಳಿದವರಿಗೆ ಸಮುದ್ರ ಯಾವ ಲೆಕ್ಕ ಅಂತಾರೆ. ಸರಿನಾ?’

ಎರಡೂ ಸರಿಯಲ್ಲ. ಪಟ್ಟಿಯಲ್ಲಿರುವ ಚಟುವಟಿಕೆಗಳಲ್ಲಿ ತಪ್ಪಿಲ್ಲ, ಅವುಗಳ ಕ್ರಮದಲ್ಲಿದೆ. ಅಪ್ಪನ ಪ್ರಶ್ನೆ ಅದಕ್ಕಿಂತಲೂ ಮುಖ್ಯವಾದದ್ದು. ಒಂದೊಂದಾಗಿ ನೋಡೋಣ.

ಮೊದಲು ಹೆಸರುಗಳ ಗೊಂದಲ ಬಗೆಹರಿಸಿಕೊಳ್ಳೋಣ. ಫಾರ್ವರ್ಡ್‌ನಲ್ಲಿರುವ ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಿಗೆ 2018ರ ಡಿಸೆಂಬರ್ 30ರಿಂದ ಸ್ವರಾಜ್ ದ್ವೀಪ ಮತ್ತು ಶಹೀದ್ ದ್ವೀಪ ಎಂದು ಹೆಸರು. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಬುಕ್ ಮಾಡುವಾಗ ಹಳೆಯ ಹೆಸರು, ಹೊಸ ಹೆಸರು ಎರಡೂ ಕಾಣುತ್ತವೆ. ಬೇರೆ ಬೇರೆ ಊರು ಎಂದು ಗಾಬರಿಯಾಗಬೇಡಿ.

ಡೈವಿಂಗ್ ಮಾಡಿದ ದಿನವೇ ವಿಮಾನ ಯಾಕೆ ಹತ್ತಬಾರದು?

ಸ್ಕೂಬಾ ಮಾಡುವವರ ಬೆನ್ನಿಗೆ ಕಟ್ಟುವುದು ‘ಆಕ್ಸಿಜನ್ ಸಿಲಿಂಡರ್’ ಎಂದು ಬಹುತೇಕ ಎಲ್ಲ ಫಾರ್ವರ್ಡ್‌ಗಳೂ ಹೇಳುತ್ತವೆ. ಪ್ರವಾಸಿಗರಿಗೆ ಸಾಮಾನ್ಯವಾಗಿ ಕೊಡುವುದು ನಾವು ದಿನವೂ ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿಸಿದ ಸಿಲಿಂಡರ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್. ನೆಲದ ಮೇಲೆ ಈ ನೈಟ್ರೋಜನ್ ನಮ್ಮ ಶ್ವಾಸಕೋಶಕ್ಕೆ ಹೋಗಿ ಹಾಗೇ ಹೊರಬರುತ್ತದೆ, ತೊಂದರೆಯಿಲ್ಲ. ನೀರಿನಲ್ಲಿ ಲೆಕ್ಕ ಬದಲಾಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿದ್ದದ್ದರ ಎರಡು ಪಟ್ಟು. ಆ ಒತ್ತಡದಲ್ಲಿ ಹೆಚ್ಚು ನೈಟ್ರೋಜನ್ ರಕ್ತದಲ್ಲೂ ಕೊಬ್ಬಿನಲ್ಲೂ ಕರಗುತ್ತದೆ.

ಸೋಡಾ ಬಾಟಲಿ ನೆನಪಿಸಿಕೊಳ್ಳಿ. ಮುಚ್ಚಳ ಬಿಗಿಯಾಗಿದ್ದಾಗ ಗುಳ್ಳೆ ಕಾಣುವುದಿಲ್ಲ. ಸರಕ್ಕನೆ ತೆರೆದರೆ ನೊರೆ ಉಕ್ಕುತ್ತದೆ, ನಿಧಾನವಾಗಿ ತಿರುಗಿಸಿದರೆ ಗ್ಯಾಸ್ ಸದ್ದಿಲ್ಲದೆ ಹೋಗುತ್ತದೆ. ಡೈವ್ ಮುಗಿಸಿ ಮೇಲೆ ಬಂದ ಮೇಲೂ ಕರಗಿದ ನೈಟ್ರೋಜನ್ ಪೂರ್ತಿ ಹೋಗಿರುವುದಿಲ್ಲ, ಉಸಿರಿನ ಮೂಲಕ ಗಂಟೆಗಟ್ಟಲೆ ಹೊರಹೋಗುತ್ತಿರುತ್ತದೆ. ಅಷ್ಟರಲ್ಲಿ ನೀವು ವಿಮಾನ ಹತ್ತಿದರೆ ಮುಚ್ಚಳ ಸರಕ್ಕನೆ ತೆರೆದಂತೆ. ವಿಮಾನದ ಒಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದಷ್ಟು ಇರುವುದಿಲ್ಲ. 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಕೂತಷ್ಟಿರುತ್ತದೆ. ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೀಲಿನಲ್ಲಿ ಸೇರಿದರೆ ತಡೆಯಲಾಗದ ನೋವು. ಬೆನ್ನುಹುರಿಗೆ ಅಥವಾ ಮೆದುಳಿಗೆ ತೊಂದರೆ ಕೊಟ್ಟರೆ ಕೈಕಾಲು ಜೋಮು, ಬಲಹೀನತೆ, ತಲೆಸುತ್ತು, ಕೆಲವೊಮ್ಮೆ ಪಾರ್ಶ್ವವಾಯು. ಇದಕ್ಕೆ ಡಿಕಂಪ್ರೆಷನ್ ಕಾಯಿಲೆ ಎಂದು ಹೆಸರು. ಡೈವರ್‌ಗಳು ‘ಬೆಂಡ್ಸ್’ ಎನ್ನುತ್ತಾರೆ.

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಡೈವಿಂಗ್ ವೈದ್ಯಕೀಯ ಸಂಸ್ಥೆಗಳ ಶಿಫಾರಸು ಇದು: ಒಂದೇ ಒಂದು ಸಾಧಾರಣ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ. ಎಷ್ಟೋ ತರಬೇತುದಾರರು ಲೆಕ್ಕ ಸುಲಭವಾಗಲಿ ಎಂದು 24 ಗಂಟೆ ಎಂದೇ ಹೇಳುತ್ತಾರೆ. ನಮ್ಮ ಸಲಹೆಯೂ ಅದೇ. ಫಾರ್ವರ್ಡ್‌ನ ಪಟ್ಟಿಯಲ್ಲಿ ಇರುವ ಅಂತರ ಆರೂವರೆ ಗಂಟೆ.

‘ಚೆನ್ನಾಗಿ ನೀರು ಕುಡಿದರೆ ನೈಟ್ರೋಜನ್ ಹೋಗುತ್ತೆ’, ‘ಒಂದು ಗಂಟೆ ಮಲಗಿದರೆ ಸಾಕು’ ಎನ್ನುವ ಮಾತುಗಳೂ ಹರಿದಾಡುತ್ತವೆ. ನೀರು ಕುಡಿಯುವುದು ಒಳ್ಳೆಯದೇ, ಆದರೆ ಅದು ಸಮಯಕ್ಕೆ ಬದಲಿಯಲ್ಲ. ಇನ್ನೊಂದು ಕಡೆ ಅನಗತ್ಯ ಭಯವೂ ಇದೆ. ಸ್ನಾರ್ಕೆಲಿಂಗ್ ಮಾಡಿದವರು ವಿಮಾನ ಹತ್ತಬಾರದು ಎಂಬುದು ಸುಳ್ಳು. ಸ್ನಾರ್ಕೆಲ್‌ನಲ್ಲಿ ನೀರಿನ ಮೇಲ್ಮೈಯ ಗಾಳಿಯನ್ನೇ ಎಳೆಯುವುದರಿಂದ ಈ ಸಮಸ್ಯೆ ಇಲ್ಲ. ವಿಮಾನದಲ್ಲಿ ಬಂದು ಆಮೇಲೆ ಡೈವ್ ಮಾಡುವುದಕ್ಕೂ ಈ ನಿಯಮ ಅಡ್ಡಿಯಲ್ಲ. ಹಡಗಿನಲ್ಲೇ ಚೆನ್ನೈಗೆ ವಾಪಸಾಗುವವರಿಗೂ ಇಲ್ಲ, ಹಡಗು ಸಮುದ್ರಮಟ್ಟದಲ್ಲೇ ಇರುತ್ತದೆ. ಆದರೆ ತಲೆಗೆ ಹೆಲ್ಮೆಟ್ ಹಾಕಿಸಿ ಸಮುದ್ರದ ತಳದಲ್ಲಿ ನಡೆಸುವ ‘ಸೀ ವಾಕ್’ ಅನ್ನು ಜನ ಆಟ ಎಂದುಕೊಳ್ಳುತ್ತಾರೆ. ಅಲ್ಲೂ ಉಸಿರಾಡುವುದು ಒತ್ತಿದ ಗಾಳಿಯನ್ನೇ, ಹಾಗಾಗಿ ಅದಕ್ಕೂ ಕಾಯುವ ಸಮಯ ಇಟ್ಟುಕೊಳ್ಳಿ.

ನಿಧಾನವಾಗಿ, ಹಂತ ಹಂತವಾಗಿ ಮೇಲೆ ಬಂದರೆ ಈ ಕಾಯಿಲೆ ತಪ್ಪಿಸಬಹುದು ಎಂದು ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಗಣಿಯೊಳಗಿನ ವಿಷಗಾಳಿಯ ಅಧ್ಯಯನಕ್ಕೂ ಅವರೇ ಹೆಸರಾದವರು. ಗಣಿಯ ಮಾತು ಬಂದಿತಲ್ಲ, ಅಪ್ಪನ ಪ್ರಶ್ನೆಗೆ ಬರೋಣ.

‘ಮೈನಿಂಗ್‌ನಲ್ಲಿ ಇಳಿದವರಿಗೆ ಸಮುದ್ರ ಯಾವ ಲೆಕ್ಕ?’

ಕೇಳಲು ಸರಿಯೆನಿಸುತ್ತದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳದ್ದು, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. ಕೇಜ್‌ನಲ್ಲಿ ನಿಂತು ಅಷ್ಟು ಕೆಳಗೆ ಹೋಗಿ ಪಾಳಿ ಮುಗಿಸಿ ಬಂದವರ ಮುಂದೆ 12 ಮೀಟರ್ ಸಮುದ್ರ ಯಾವ ದೊಡ್ಡದು?

ಆದರೆ ಗಣಿಯಲ್ಲಿ ತಲೆಯ ಮೇಲೆ ಇದ್ದದ್ದು ಗಾಳಿಯ ಕಂಬ, ಸಮುದ್ರದಲ್ಲಿ ಇರುವುದು ನೀರಿನ ಕಂಬ. ಗಾಳಿ ಬಹಳ ಹಗುರ. ಲೆಕ್ಕ ಹಾಕಿದರೆ 3.2 ಕಿ.ಮೀ. ಆಳದಲ್ಲಿ ಗಾಳಿಯ ಒತ್ತಡ ಮೇಲಿದ್ದದ್ದಕ್ಕಿಂತ ಸುಮಾರು ಶೇಕಡ 40ರಷ್ಟು ಹೆಚ್ಚಿರುತ್ತದೆ, ಅಷ್ಟೇ. ಅದೇ ಹೆಚ್ಚುವರಿ ಒತ್ತಡ ಸಮುದ್ರದಲ್ಲಿ ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಬಂದುಬಿಡುತ್ತದೆ. ಗಣಿಯ ತಳದಲ್ಲಿ ಜೀವ ಹಿಂಡುತ್ತಿದ್ದದ್ದು ಸೆಕೆ, ದೂಳು, ಬಂಡೆ ಸಿಡಿತ. ಅಲ್ಲಿನ ಅನುಭವ ಧೈರ್ಯ ಕೊಟ್ಟಿರಬಹುದು, ಡೈವಿಂಗ್‌ಗೆ ಮೈಯನ್ನು ಸಜ್ಜು ಮಾಡಿರುವುದಿಲ್ಲ.

ದೂಳಿನ ವಿಷಯವೇ ಇಲ್ಲಿ ಮುಖ್ಯ. ಭಾರತದಲ್ಲಿ ಸಿಲಿಕೋಸಿಸ್ ಕಾಯಿಲೆ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೋಲಾರ ಚಿನ್ನದ ಗಣಿಯಿಂದ. ಮುಂದೆ 1940ರ ದಶಕದಲ್ಲಿ ನಡೆದ ಸಮೀಕ್ಷೆಯಲ್ಲಿ ಪರೀಕ್ಷೆಗೊಳಗಾದ 7,653 ಕಾರ್ಮಿಕರಲ್ಲಿ ಶೇ. 43.7 ಮಂದಿಗೆ ಅದು ಇತ್ತು. ನಂತರದ ದಶಕಗಳಲ್ಲಿ ದೂಳು ತಗ್ಗಿಸುವ ಕ್ರಮಗಳು ಬಂದವು ನಿಜ. ಆದರೂ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಡ್ರಿಲ್ ಹಿಡಿದವರು ಕಲ್ಲಿನ ದೂಳು ಕುಡಿಯದೆ ಇರಲಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷಗಳ ಮೇಲೂ ಈ ಕಾಯಿಲೆ ಹೆಚ್ಚುತ್ತಾ ಹೋಗಬಹುದು. ಆರಂಭದಲ್ಲಿ ಏನೂ ಗೊತ್ತಾಗದೆ ಇರಬಹುದು, ‘ಮೆಟ್ಟಿಲು ಹತ್ತಿದರೆ ಸ್ವಲ್ಪ ದಮ್ಮು’ ಎನ್ನುವಷ್ಟೇ.

ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟಿದ ಜಾಗಗಳಲ್ಲಿ ಗಾಳಿ ಸಿಕ್ಕಿಕೊಳ್ಳಬಹುದು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಆರೋಗ್ಯವಂತರಲ್ಲಿ ಅದು ಉಸಿರಿನೊಂದಿಗೆ ಹೊರಹೋಗುತ್ತದೆ. ‘ನೀರೊಳಗೆ ಯಾವತ್ತೂ ಉಸಿರು ಬಿಗಿಹಿಡಿಯಬೇಡಿ’ ಎನ್ನುವುದು ಸ್ಕೂಬಾದ ಮೊದಲ ಪಾಠವಾಗಿರುವುದೇ ಇದಕ್ಕೆ. ಸಿಕ್ಕಿಕೊಂಡ ಗಾಳಿಗೆ ದಾರಿಯಿಲ್ಲದಿದ್ದರೆ ಶ್ವಾಸಕೋಶ ಹರಿಯಬಹುದು, ಗಾಳಿ ರಕ್ತನಾಳಕ್ಕೆ ನುಗ್ಗಬಹುದು. ಅದು ಜೀವಕ್ಕೆ ಅಪಾಯ.

ಹಾಗಾಗಿ ಉತ್ತರ ನೇರವಾಗಿ ಹೇಳುತ್ತೇವೆ: ಗಣಿಯಲ್ಲಿ ಕೆಲಸ ಮಾಡಿದವರು ಎದೆಯ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಿ, ‘ಸ್ಕೂಬಾ ಮಾಡಬೇಕೆಂದಿದ್ದೇನೆ’ ಎಂದು ವೈದ್ಯರಿಗೆ ತಿಳಿಸಿ, ಅವರು ಒಪ್ಪದ ಹೊರತು ಇಳಿಯಬಾರದು. ಸಿಲಿಕೋಸಿಸ್ ಅಥವಾ ಹಳೆಯ ಟಿಬಿಯ ಕಲೆ ಇರುವುದು ಗೊತ್ತಿದ್ದರೆ ಆಸೆ ಬಿಡುವುದೇ ಸರಿ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆ ಇರುವವರೂ ಮೊದಲು ವೈದ್ಯರನ್ನು ಕೇಳಬೇಕು. ಗರ್ಭಿಣಿಯರು ಡೈವ್ ಮಾಡಲೇಬಾರದು. ದಡದಲ್ಲಿ ಕೊಡುವ ಆರೋಗ್ಯದ ಫಾರಂನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿ ಸಹಿ ಮಾಡುವವರೇ ಹೆಚ್ಚು. ದುಡ್ಡು ಕಟ್ಟಾಗಿದೆ, ಮಗ ಕ್ಯಾಮೆರಾ ಹಿಡಿದು ನಿಂತಿದ್ದಾನೆ, ಆಗ ‘ಹೌದು’ ಎನ್ನುವುದು ಕಷ್ಟ. ಆದ್ದರಿಂದ ಈ ಮಾತು ಊರಲ್ಲೇ, ಟಿಕೆಟ್ ಬುಕ್ ಮಾಡುವ ಮೊದಲೇ ಆಗಲಿ. ಅಪ್ಪ ಹವಳ ನೋಡಲೇಬೇಕೆಂದರೆ ಶಹೀದ್ ದ್ವೀಪದ ಭರತ್‌ಪುರ ಬೀಚಿನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಗಳಿವೆ.

ಈಜು ಬರದವರು? ತರಬೇತುದಾರರು ಜೊತೆಯಲ್ಲೇ ಹಿಡಿದು ಕರೆದೊಯ್ಯುವ ಪರಿಚಯದ ಡೈವ್‌ಗೆ ಈಜು ಕಡ್ಡಾಯವಲ್ಲ ಎನ್ನುವುದು ನಿಜ. ಅದರ ಮಿತಿ 12 ಮೀಟರ್, ಕನಿಷ್ಠ ವಯಸ್ಸು 10. ಡೈವರ್ ಪ್ರಮಾಣಪತ್ರದ ಕೋರ್ಸ್ ಮಾಡುವವರಿಗೆ ಈಜು ಪರೀಕ್ಷೆ ಇರುತ್ತದೆ. ನಮ್ಮ ಕಡೆ ಬಾವಿಗಳು ಬತ್ತಿ ಒಂದು ತಲೆಮಾರೇ ಈಜು ಕಲಿಯದೆ ಬೆಳೆದಿದೆ. ಬಾವಿಯಲ್ಲಿ ಕಲಿತ ಹಿರಿಯರೂ ಸಮುದ್ರದಲ್ಲಿ ಹುಷಾರಾಗಿರಬೇಕು. ಬಾವಿಯ ನೀರು ಯಾರನ್ನೂ ಒಳಕ್ಕೆ ಎಳೆಯುವುದಿಲ್ಲ, ಸಮುದ್ರದ ಸೆಳೆತ ಎಳೆಯುತ್ತದೆ. ಸಿಕ್ಕಿಕೊಂಡರೆ ನೇರ ದಡಕ್ಕೆ ಈಜಲು ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತ ತಪ್ಪಿಸಿಕೊಂಡ ಮೇಲೆ ದಡದತ್ತ ಬರಬೇಕು.

ಹಾಗಾದರೆ ಸರಿಯಾದ ಪ್ಲಾನ್ ಯಾವುದು?

ಡೈವ್ ಮೊದಲು, ನಡಿಗೆ ಮತ್ತು ಸೈಕಲ್ ಆಮೇಲೆ, ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ. ಇಷ್ಟು ಬದಲಿಸಿದರೆ ಫಾರ್ವರ್ಡ್‌ನ ಪಟ್ಟಿ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದು ದಿನ ಹೆಚ್ಚು ಬೇಕು, ಏಳು ದಿನ ಇಟ್ಟುಕೊಳ್ಳಿ.

ಕ್ಯಾಸಂಬಳ್ಳಿಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ರಾತ್ರಿಯೇ ಹೊರಟಿರುತ್ತೀರಿ, ನಿದ್ದೆಗೆಟ್ಟಿರುತ್ತೀರಿ. ಮೊದಲ ದಿನ ಪೋರ್ಟ್ ಬ್ಲೇರ್‌ನಲ್ಲಿ ಸೆಲ್ಯುಲರ್ ಜೈಲು ನೋಡಿ ಮಲಗುವುದೇ ಸಾಕು. ಎರಡನೇ ದಿನ ಹಡಗಿನಲ್ಲಿ ಸ್ವರಾಜ್ ದ್ವೀಪ, ಹಡಗನ್ನು ನೋಡಿಕೊಂಡು ಒಂದೂವರೆಯಿಂದ ಎರಡೂವರೆ ಗಂಟೆ. ಹಡಗಿನಲ್ಲಿ ವಾಂತಿಯಾಗದಿರಲು ಉಪವಾಸ ಇರಬೇಕು ಎನ್ನುವುದು ತಪ್ಪು ಸಲಹೆ. ಎರಡು ಇಡ್ಲಿಯಂಥ ಹಗುರ ತಿಂಡಿ ತಿನ್ನಿ, ಹಡಗಿನ ಮಧ್ಯಭಾಗದಲ್ಲಿ ಕೂತುಕೊಳ್ಳಿ, ಮೊಬೈಲ್ ಬಿಟ್ಟು ದೂರದ ದಿಗಂತ ನೋಡಿ. ಮಾತ್ರೆ ಬೇಕೆನಿಸಿದರೆ ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಹೆಚ್ಚು ಉಪಯೋಗವಿಲ್ಲ. ಇಂಥ ಮಾತ್ರೆಗಳಲ್ಲಿ ಹಲವು ನಿದ್ದೆ ತರುತ್ತವೆ, ಡೈವ್‌ನ ದಿನ ವೈದ್ಯರನ್ನು ಕೇಳದೆ ಬೇಡ.

ಗಡಿಯಾರದ ಬಗ್ಗೆ ಒಂದು ಮಾತು. ಈ ದ್ವೀಪಗಳು ಕೋಲಾರ ಜಿಲ್ಲೆಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆ ಮುಂದೆ, ಗಡಿಯಾರ ಮಾತ್ರ ಒಂದೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ‘ಸಂಜೆ 5.30ಕ್ಕೆ ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ’ ಎಂದು ಬರೆದ ಪಟ್ಟಿಯನ್ನು ನಂಬಿ ಹೋದರೆ ಕತ್ತಲಲ್ಲಿ ಫೋಟೋ ತೆಗೆಯಬೇಕಾದೀತು. ಬೆಳಗ್ಗೆ ಬೇಗ ಶುರು ಮಾಡಿ, ಮೂರೂವರೆಗೆ ಬೀಚ್ ಸೇರಿ.

ಮೂರನೇ ದಿನ ಬೆಳಗ್ಗೆ ಸ್ಕೂಬಾ, ಮಧ್ಯಾಹ್ನ ವಿಶ್ರಾಂತಿ. ನಾಲ್ಕನೇ ದಿನ ಎಲಿಫೆಂಟ್ ಬೀಚ್. ದೋಣಿಯಲ್ಲೂ ಹೋಗಬಹುದು. ಕಾಡಿನ ದಾರಿ ಸುಮಾರು ಎರಡು ಕಿ.ಮೀ., ಮಳೆ ಬಂದಿದ್ದರೆ ಕೆಸರು, ಸ್ಥಳೀಯ ಗೈಡ್ ಬೇಕೇ ಬೇಕು. ಅಲ್ಲಿ ಹವಳದ ಮೇಲೆ ಸ್ನಾರ್ಕೆಲಿಂಗ್ ಚೆನ್ನಾಗಿರುತ್ತದೆ. ಬೆನ್ನು ಮೇಲಾಗಿ ಒಂದು ಗಂಟೆ ತೇಲಿದರೆ ಚರ್ಮ ಸುಡುತ್ತದೆ, ಮೋಡವಿದ್ದರೂ ಸುಡುತ್ತದೆ. ಕ್ರೀಮ್‌ಗಿಂತ ತುಂಬುತೋಳಿನ ಟೀ ಶರ್ಟ್ ಮೇಲು.

ಐದನೇ ದಿನ ಶಹೀದ್ ದ್ವೀಪಕ್ಕೆ ಸುಮಾರು ಒಂದು ಗಂಟೆಯ ಹಡಗು. ಪುಟ್ಟ, ಬಹುಪಾಲು ಸಪಾಟು ದ್ವೀಪ, ಸೈಕಲ್ ಬಾಡಿಗೆಗೆ ತೆಗೆದುಕೊಂಡರೆ ಎಲ್ಲ ಬೀಚುಗಳನ್ನೂ ಮುಟ್ಟಬಹುದು. ಸೀತಾಪುರ, ಭರತ್‌ಪುರ, ಲಕ್ಷ್ಮಣಪುರ ಎಂದು ರಾಮಾಯಣದ ಹೆಸರುಗಳು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ನೆಲೆ ನಿಂತು ಕಟ್ಟಿದ ಊರುಗಳಿವು. ಅಂಡಮಾನಿನ ತರಕಾರಿ ಬುಟ್ಟಿ ಎಂದೇ ಹೆಸರಿರುವ ಈ ದ್ವೀಪದ ತೋಟಗಳ ನಡುವೆ ಸೈಕಲ್ ತುಳಿಯುವಾಗ ಕೋಲಾರದವರಿಗೆ ಮನೆ ನೆನಪಾದರೆ ಆಶ್ಚರ್ಯವಿಲ್ಲ. ಲಕ್ಷ್ಮಣಪುರದ ಕಲ್ಲಿನ ಸೇತುವೆ ನೋಡಲು ಇಳಿತದ ಹೊತ್ತಿಗೇ ಹೋಗಬೇಕು. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಹೋದ ತಿಂಗಳು ಹೋಗಿದ್ದವರು ಹೇಳಿದ ಗಂಟೆ ನಿಮಗೆ ಕೆಲಸಕ್ಕೆ ಬಾರದು, ಹೋಟೆಲಿನವರನ್ನು ಕೇಳಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ.

ಆರನೇ ದಿನ ಮಧ್ಯಾಹ್ನದ ಹಡಗಿಗೆ ಪೋರ್ಟ್ ಬ್ಲೇರ್, ಏಳನೇ ದಿನ ವಿಮಾನ. ಡೈವ್ ಮುಗಿದು ಮೂರು ದಿನ ದಾಟಿರುತ್ತದೆ. ಕೊನೆಯ ರಾತ್ರಿ ಅಲ್ಲೇ ಉಳಿಯಲು ಇನ್ನೊಂದು ಕಾರಣವಿದೆ: ಸಮುದ್ರ ಕೆಟ್ಟರೆ ಹಡಗು ಬಿಡುವುದಿಲ್ಲ. 2016ರ ಡಿಸೆಂಬರ್ ಮೊದಲ ವಾರದಲ್ಲಿ ವಾಯುಭಾರ ಕುಸಿತದಿಂದ ಇದೇ ಎರಡು ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡು, ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ‘ಡಿಸೆಂಬರ್ ಎಂದರೆ ಸಮುದ್ರ ಶಾಂತ’ ಎಂಬುದು ಸಾಮಾನ್ಯವಾಗಿ ನಿಜ, ಯಾವಾಗಲೂ ಅಲ್ಲ. ಮುಂಗಾರು ಕೇರಳಕ್ಕಿಂತ ಮೊದಲು, ಮೇ ತಿಂಗಳಲ್ಲೇ ಅಂಡಮಾನ್ ಮುಟ್ಟುತ್ತದೆ. ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ.

ಉಳಿದ ಫಾರ್ವರ್ಡ್‌ಗಳು

‘ಭಾರತೀಯರಿಗೂ ಪರ್ಮಿಟ್ ಬೇಕು’: ಈ ಎರಡು ದ್ವೀಪಗಳಿಗೆ ಬೇಡ, ಗುರುತಿನ ಚೀಟಿ ಸಾಕು. ಜಾರವಾ, ಸೆಂಟಿನಲೀಸ್ ಮುಂತಾದ ಮೂಲನಿವಾಸಿಗಳ ಮೀಸಲು ಪ್ರದೇಶಗಳ ಮಾತು ಬೇರೆ, ಅಲ್ಲಿಗೆ ಪ್ರವಾಸಿಗರು ಹೋಗುವಂತಿಲ್ಲ.

‘ಜೆಲ್ಲಿಫಿಶ್ ಕುಟುಕಿದರೆ ಮೂತ್ರ ಹಾಕಿ’: ಬೇಡ. ಮೂತ್ರವಾಗಲಿ ಸಿಹಿನೀರಾಗಲಿ, ಚರ್ಮಕ್ಕೆ ಅಂಟಿಕೊಂಡ ವಿಷದ ಕಣಗಳು ಇನ್ನಷ್ಟು ಸಿಡಿಯಲು ಕಾರಣವಾಗಬಹುದು. ಸಮುದ್ರದ ನೀರಿನಿಂದಲೇ ತೊಳೆಯಿರಿ, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ, ಉಜ್ಜಬೇಡಿ. ಆಮೇಲೆ ತಡೆದುಕೊಳ್ಳುವಷ್ಟು ಬಿಸಿಯ, ಅಂದರೆ 45 ಡಿಗ್ರಿ ಮೀರದ ನೀರಿನಲ್ಲಿ ಅದ್ದಿದರೆ ನೋವು ಇಳಿಯುತ್ತದೆ. ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆ.

‘ಅಂಡಮಾನ್‌ನಲ್ಲಿ ಮೊಸಳೆ ಇಲ್ಲ, ಹೆದರಿಸುತ್ತಾರೆ’: ಇವೆ, ಉಪ್ಪುನೀರಿನ ಮೊಸಳೆಗಳು. 2010ರ ಏಪ್ರಿಲ್‌ನಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದಾರೆ. ಎಚ್ಚರಿಕೆಯ ಬೋರ್ಡ್ ಇದ್ದಲ್ಲಿ ನೀರಿಗೆ ಇಳಿಯಬೇಡಿ.

‘ಸಮುದ್ರದಲ್ಲಿ ಈಜುವ ಆನೆ ನೋಡಿ ಬನ್ನಿ’: ಫೋಟೋ ನಿಜ, ಸುದ್ದಿ ಹಳೆಯದು. ಆ ಆನೆಯ ಹೆಸರು ರಾಜನ್. ಮರ ಸಾಗಿಸುವ ಕೆಲಸಕ್ಕೆ ತಂದಿದ್ದ ಅದು ಸ್ವರಾಜ್ ದ್ವೀಪದಲ್ಲಿ ಕಡೆಯ ದಿನಗಳನ್ನು ಕಳೆದು 2016ರಲ್ಲಿ ತೀರಿಕೊಂಡಿತು.

‘ದಡಕ್ಕೆ ಬಿದ್ದ ಸತ್ತ ಹವಳ ತರಬಹುದು’: ತರುವಂತಿಲ್ಲ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸತ್ತದ್ದಾದರೂ ಅಷ್ಟೇ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬ್ಯಾಗಿನಿಂದ ತೆಗೆಸುತ್ತಾರೆ, ಕೇಸೂ ಆಗಬಹುದು. ಅಂಗಡಿಯಲ್ಲಿ ಚಿಪ್ಪಿನ ಸಾಮಾನು ಕೊಂಡರೆ ಬಿಲ್ ಇಟ್ಟುಕೊಳ್ಳಿ.

ಡೈವ್ ಮಾಡಿದವರಿಗೆ ಇನ್ನೊಂದು ಮಾತು. ಡಿಕಂಪ್ರೆಷನ್ ಕಾಯಿಲೆಯ ಲಕ್ಷಣಗಳು ಹೆಚ್ಚಾಗಿ ಮೊದಲ 24 ಗಂಟೆಯೊಳಗೇ ಕಾಣಿಸುತ್ತವೆ, ವಿಮಾನ ಹತ್ತಿದ್ದರೆ ಅಲ್ಲಿ ಶುರುವಾಗಬಹುದು. ಡೈವ್ ಆದ ಮೇಲೆ ಭುಜ, ಮೊಣಕಾಲಿನಲ್ಲಿ ಕಾರಣವಿಲ್ಲದ ನೋವು, ಜೋಮು, ವಿಪರೀತ ಸುಸ್ತು, ಚರ್ಮದ ಮೇಲೆ ಮಚ್ಚೆ ಕಂಡರೆ ‘ಪ್ರಯಾಣದ ಆಯಾಸ’ ಎಂದು ಮಲಗಬೇಡಿ. ದ್ವೀಪದಲ್ಲೇ ಇದ್ದರೆ ಡೈವ್ ಮಾಡಿಸಿದವರಿಗೆ ಹೇಳಿ, ಶುದ್ಧ ಆಕ್ಸಿಜನ್ ಕೊಡುವುದು ಇದಕ್ಕೆ ಮೊದಲ ಚಿಕಿತ್ಸೆ. ಊರಿಗೆ ಬಂದ ಮೇಲಾದರೆ ಬಂಗಾರಪೇಟೆಯಲ್ಲಾಗಲಿ ಕೋಲಾರದಲ್ಲಾಗಲಿ ಡಾಕ್ಟರ ಮುಂದೆ ಕೂತ ತಕ್ಷಣ ‘ಇಂಥ ದಿನ, ಇಷ್ಟು ಹೊತ್ತಿಗೆ ಸಮುದ್ರದಲ್ಲಿ ಸ್ಕೂಬಾ ಮಾಡಿದ್ದೆ’ ಎಂದು ನೀವೇ ಹೇಳಿ. ಸಮುದ್ರವಿಲ್ಲದ ಜಿಲ್ಲೆಯಲ್ಲಿ ಅವರಾಗಿ ಆ ಪ್ರಶ್ನೆ ಕೇಳುವ ಸಂಭವ ಕಡಿಮೆ.